ಮಾತ್ರೆ ಬಿಟ್ಟವನ ಮೇಲೇ ಯಾಕೆ ಇಷ್ಟು ಸಿಟ್ಟು, ಮೇಷ್ಟ್ರೇ?

(ಚಿತ್ರದುರ್ಗ ಜಿಲ್ಲೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ: "ನಮ್ಮ ಬೀದಿಯ ಆಟೋ ಹುಡುಗನಿಗೆ ಟಿಬಿ ಆಗಿತ್ತು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮಾತ್ರೆ ಬಿಟ್ಟ. ಈಗ ಮತ್ತೆ ಬಂದಿದೆ, ಈ ಸಲ ಮಾತ್ರೆ ನಾಟುತ್ತಿಲ್ಲವಂತೆ. ಸರ್ಕಾರ ಬಿಟ್ಟಿ ಕೊಡುವ ಮಾತ್ರೆ ನುಂಗುವುದಕ್ಕೂ ಸೋಮಾರಿತನ. ಇಂಥವರಿಂದಲೇ ಊರಿಗೆಲ್ಲ ಆಪತ್ತು. ದಂಡ ಹಾಕಬೇಕು. ಅಂದಹಾಗೆ, ಮಿದುಳೇ ಇಲ್ಲದ ಕ್ರಿಮಿ ಔಷಧಿಯನ್ನು ಗೆಲ್ಲಲು ಕಲಿಯುವುದು ಹೇಗೆ? ಇಷ್ಟೊಂದು ಹೊಸ ಆಂಟಿಬಯೋಟಿಕ್ ಇರುವಾಗ ಟಿಬಿಗೆ ಅದೇ ಹಳೇ ಮಾತ್ರೆ ಯಾಕೆ? ಆಡುಸೋಗೆ ಕಷಾಯ ಕುಡಿಸಬಹುದೇ?")

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಬಹಳ ಕಾಲ ಬೋರ್ಡಿನ ಮೇಲೆ ಬರೆದ ಕೈ ಅಂತ. ಪ್ರಶ್ನೆಗಳೂ ಅಷ್ಟೇ ನೇರವಾಗಿವೆ. ಕ್ರಿಮಿ ಹೇಗೆ ಕಲಿಯುತ್ತದೆ ಅಂತ ಕೇಳುವವರು ಕಡಿಮೆ. ಎಲ್ಲರೂ ಯಾರ ತಪ್ಪು ಅಂತ ಕೇಳುತ್ತಾರೆ. ನೀವು ಎರಡನ್ನೂ ಕೇಳಿದ್ದೀರಿ. ಮೊದಲನೆಯದಕ್ಕೆ ಖುಷಿಯಿಂದ ಉತ್ತರ ಕೊಡುತ್ತೇನೆ. ದಂಡದ ವಿಚಾರಕ್ಕೆ ಬಂದಾಗ ಸ್ವಲ್ಪ ಜಗಳ ಆಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಟಿಬಿ ಮಾತ್ರೆಯನ್ನು ನಡುವೆ ಬಿಡಬಾರದು. ಆರು ತಿಂಗಳು ಅಂದರೆ ಆರು ತಿಂಗಳು. ಬಿಟ್ಟು ಹಿಡಿದು ಮಾಡಿದರೆ ರೋಗ ಮರುಕಳಿಸುತ್ತದೆ, ಕೆಲವೊಮ್ಮೆ ಔಷಧಿಗೆ ಬಗ್ಗದ ಕ್ರಿಮಿಯೂ ಹುಟ್ಟಿಕೊಳ್ಳುತ್ತದೆ. ಇದನ್ನು ಒಪ್ಪಿದೆ. ಮುಂದಕ್ಕೆ ಹೋಗೋಣ.

ಕ್ರಿಮಿ ಏನನ್ನೂ ಕಲಿಯುವುದಿಲ್ಲ, ಮೇಷ್ಟ್ರೇ. ಅದು ಇಬ್ಭಾಗವಾಗುವಾಗಲೆಲ್ಲ ತನ್ನ ಡಿಎನ್‌ಎಯನ್ನು ನಕಲು ಮಾಡಬೇಕು. ಸುಮಾರು 44 ಲಕ್ಷ ಅಕ್ಷರಗಳ ಬರಹ ಅದು. ನಿಮ್ಮ ತರಗತಿಯ ಮಕ್ಕಳು ಬೋರ್ಡ್ ನೋಡಿ ಬರೆದುಕೊಳ್ಳುವಾಗ ಅಲ್ಲೊಂದು ಇಲ್ಲೊಂದು ಕಾಗುಣಿತ ತಪ್ಪುವುದಿಲ್ಲವೇ, ಹಾಗೆ ಇಲ್ಲೂ ತಪ್ಪುತ್ತದೆ. ಬಹುಪಾಲು ತಪ್ಪುಗಳಿಂದ ಅದಕ್ಕೆ ಏನೂ ಲಾಭವಿಲ್ಲ, ನಷ್ಟವೇ ಜಾಸ್ತಿ. ಯಾವುದೋ ಒಂದು ತಪ್ಪು ಮಾತ್ರ ಯಾವುದೋ ಒಂದು ಔಷಧಿಯಿಂದ ಅದನ್ನು ಉಳಿಸಿಬಿಡುತ್ತದೆ. ರೋಗಿ ಮೊದಲ ಮಾತ್ರೆ ಬಾಯಿಗೆ ಹಾಕುವ ಮುಂಚೆಯೇ ಈ ತಪ್ಪು ಆಗಿ ಮುಗಿದಿರುತ್ತದೆ. ಮಾತ್ರೆ ಪ್ರತಿರೋಧವನ್ನು ಹುಟ್ಟಿಸುವುದಿಲ್ಲ. ಇದ್ದದ್ದನ್ನು ಆರಿಸಿ ಉಳಿಸುತ್ತದೆ. "ಮೈಗೆ ಮಾತ್ರೆ ಒಗ್ಗಿಹೋಗಿದೆ" ಅಂತ ಜನ ಹೇಳುತ್ತಾರಲ್ಲ, ಒಗ್ಗುವುದು ಮೈಗಲ್ಲ.

ಈಗ ಒಂದು ಲೆಕ್ಕ. ರೋಗ ಬಲಿತವರ ಶ್ವಾಸಕೋಶದಲ್ಲಿ ಟೊಳ್ಳಾಗಿ ಗುಳಿ ಬೀಳುತ್ತದೆ. ಅಂಥ ಒಂದು ಗುಳಿಯಲ್ಲಿ ಹತ್ತು ಕೋಟಿ ಕ್ರಿಮಿ ಇರಬಹುದು. ಐಸೋನಿಯಾಜಿಡ್ ಎಂಬ ಟಿಬಿ ಔಷಧಿಗೆ ಬಗ್ಗದ್ದು ಸುಮಾರು ಹತ್ತು ಲಕ್ಷಕ್ಕೆ ಒಂದು. ಅಂದರೆ ಆ ಗುಳಿಯಲ್ಲೇ ನೂರು. ರಿಫಾಂಪಿಸಿನ್ ಎಂಬ ಇನ್ನೊಂದಕ್ಕೆ ಬಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು. ಎರಡಕ್ಕೂ ಒಟ್ಟಿಗೆ ಬಗ್ಗದ ಕ್ರಿಮಿ ಬೇಕೆಂದರೆ ಎರಡನ್ನೂ ಗುಣಿಸಬೇಕು. ಒಂದರ ಮುಂದೆ 14 ಸೊನ್ನೆ ಬರುತ್ತದೆ. ಅಷ್ಟು ಕ್ರಿಮಿ ಯಾವ ಮನುಷ್ಯನ ಎದೆಯಲ್ಲೂ ಹಿಡಿಸುವುದಿಲ್ಲ. ಒಂದೇ ಮಾತ್ರೆ ಕೊಡದೆ ನಾಲ್ಕು ಔಷಧಿ ಸೇರಿಸಿ ಕೊಡುವುದರ ಗುಟ್ಟು ಇದೇ. ಇದರಲ್ಲಿ ನಮಗೊಂದು ಅನುಕೂಲವೂ ಇದೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಪ್ರತಿರೋಧದ ಜೀನನ್ನು ಪಕ್ಕದವಕ್ಕೆ ದಾಟಿಸಿಬಿಡುತ್ತವೆ. ಟಿಬಿ ಕ್ರಿಮಿಗೆ ಆ ಚಾಳಿ ಇಲ್ಲ. ಪ್ರತಿಯೊಂದು ತಪ್ಪನ್ನೂ ಅದು ತಾನೇ ಮಾಡಬೇಕು.

ಇದು ಗೊತ್ತಾದದ್ದು ಹೇಗೆ ಅನ್ನುವ ಕತೆಯನ್ನು ನೀವು ಗಮನವಿಟ್ಟು ಓದಬೇಕು, ಯಾಕೆಂದರೆ ನಮ್ಮ ಜಗಳದ ತೀರ್ಪು ಅಲ್ಲೇ ಇದೆ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ವ್ಯಾಕ್ಸ್‌ಮನ್ ಅವರ ಲ್ಯಾಬಿನಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಸ್ಟ್ರೆಪ್ಟೊಮೈಸಿನ್ ಎಂಬ ಟಿಬಿ ಔಷಧಿ ಕಂಡುಹಿಡಿದ. (1952ರ ನೊಬೆಲ್ ಮಾತ್ರ ವ್ಯಾಕ್ಸ್‌ಮನ್ ಒಬ್ಬರಿಗೇ ಹೋಯಿತು. ವಿದ್ಯಾರ್ಥಿ ಕೋರ್ಟ್ ಹತ್ತಬೇಕಾಯಿತು. ಆ ಸಂಕಟ ಇನ್ನೊಂದು ಸಲ ಹೇಳಿಕೊಳ್ಳುತ್ತೇನೆ.) ಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಆ ಔಷಧಿ ಸಿಕ್ಕಿದ್ದು ಚೂರೇ ಚೂರು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ 55 ರೋಗಿಗಳಿಗೆ ಅದನ್ನು ಕೊಟ್ಟಿತು. 52 ಮಂದಿಗೆ ಆಗಿನ ಪದ್ಧತಿಯಂತೆ ಬರೀ ಹಾಸಿಗೆ ವಿಶ್ರಾಂತಿ. ವರದಿ ಬಂದದ್ದು 1948ರಲ್ಲಿ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ ಸತ್ತವರು 4, ವಿಶ್ರಾಂತಿಯವರಲ್ಲಿ 14. ಪವಾಡ ಅಂತ ಅನ್ನಿಸಿತು. ಐದು ವರ್ಷ ಕಳೆದ ಮೇಲೆ ಎಣಿಸಿದರೆ 55ರಲ್ಲಿ 32 ಮಂದಿ ಇರಲಿಲ್ಲ, 52ರಲ್ಲಿ 35 ಮಂದಿ ಇರಲಿಲ್ಲ. ಪವಾಡ ಕರಗಿಹೋಗಿತ್ತು. ಔಷಧಿ ಪಡೆದ ಬಹುಪಾಲು ರೋಗಿಗಳಲ್ಲಿ ಕೆಲವೇ ವಾರಗಳಲ್ಲಿ ಬಗ್ಗದ ಕ್ರಿಮಿ ಎದ್ದು ಕೂತಿತ್ತು.

ಆ 55 ಮಂದಿಯಲ್ಲಿ ಯಾರು ಮಾತ್ರೆ ಬಿಟ್ಟಿದ್ದರು, ಮೇಷ್ಟ್ರೇ? ಯಾರೂ ಇಲ್ಲ. ಎಲ್ಲರೂ ಆಸ್ಪತ್ರೆಯ ಹಾಸಿಗೆ ಮೇಲಿದ್ದರು. ಆರು ಗಂಟೆಗೊಮ್ಮೆ ಸಿಸ್ಟರ್ ಬಂದು ಸೂಜಿ ಚುಚ್ಚುತ್ತಿದ್ದರು, ಮಧ್ಯರಾತ್ರಿಯಲ್ಲೂ. ಜಗತ್ತಿಗೆ ಟಿಬಿಯ ಔಷಧಿ ಪ್ರತಿರೋಧ ಮೊದಲು ಪರಿಚಯವಾದದ್ದು ಹೇಳಿದ ಮಾತು ಕೇಳಿದ ರೋಗಿಗಳಿಂದ. ತಪ್ಪಿದ್ದದ್ದು ಒಂದೇ ಔಷಧಿ ಕೊಟ್ಟದ್ದರಲ್ಲಿ. ಆ ಹೊತ್ತಿಗೆ ಅದು ಯಾರಿಗೂ ಗೊತ್ತಿರಲಿಲ್ಲ, ಅವರನ್ನು ದೂರುವಂತಿಲ್ಲ. ಆದರೆ 1950ರ ವೇಳೆಗೆ ಅದೇ ಮಂಡಳಿ ಪಾಸ್ ಎಂಬ ಇನ್ನೊಂದು ಔಷಧಿ ಜೊತೆಗೂಡಿಸಿ ತೋರಿಸಿತು: ಎರಡು ಒಟ್ಟಿಗೆ ಕೊಟ್ಟರೆ ಪ್ರತಿರೋಧ ಬಹಳ ಮಟ್ಟಿಗೆ ತಡೆಯುತ್ತದೆ. ಅಲ್ಲಿಂದ ಟಿಬಿ ಡಾಕ್ಟರಿಕೆಯಲ್ಲಿ ಒಂದು ನಿಯಮ ನಿಂತಿತು. ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧಿಯನ್ನು ಎಂದೂ ಸೇರಿಸಬೇಡ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

ಹೊಸ ಆಂಟಿಬಯೋಟಿಕ್ ಯಾಕೆ ಕೊಡುವುದಿಲ್ಲ ಅಂತ ಕೇಳಿದಿರಿ. ಕೊಟ್ಟರೆ ಒಳಕ್ಕೆ ಹೋಗಬೇಕಲ್ಲ! ಈ ಕ್ರಿಮಿಯ ಗೋಡೆ ಬೇರೆಯವುಗಳ ಥರ ಅಲ್ಲ. ಮೈಕೋಲಿಕ್ ಆಮ್ಲ ಎಂಬ ಉದ್ದುದ್ದ ಕೊಬ್ಬಿನ ಪದರ ಇದೆ, ಮೇಣದಂಥದ್ದು. ಎಷ್ಟೋ ಔಷಧಿ ಹೊರಗೇ ಉಳಿಯುತ್ತವೆ. ಪೆನಿಸಿಲಿನ್ ಜಾತಿಯವು ಒಳಗೆ ನುಸುಳಿದರೂ ಅವುಗಳನ್ನು ಮುರಿದು ಹಾಕುವ ಕಿಣ್ವ ಅಲ್ಲಿ ಹುಟ್ಟಿನಿಂದಲೇ ಇದೆ. ಜೊತೆಗೆ ಇದು ಮಹಾ ನಿಧಾನಿ. ನಮ್ಮ ಹೊಟ್ಟೆಯ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ಇದಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಬೆಳೆಯುವಾಗ ಹೊಡೆಯುವ ಔಷಧಿಗಳು ಮಲಗಿರುವ ಕ್ರಿಮಿಗೆ ತಟ್ಟುವುದೇ ಇಲ್ಲ. ಆರು ತಿಂಗಳು ಬೇಕಾಗುವುದು ಅದಕ್ಕೇ.

ಇನ್ನು ಆ ಕಾಗುಣಿತದ ತಪ್ಪು ಎಲ್ಲಿ ಆಗುತ್ತದೆ ನೋಡಿ. ರಿಫಾಂಪಿಸಿನ್ ನಿಮಗೆ ಗೊತ್ತಿರುವ ಮಾತ್ರೆಯೇ. ಮೂತ್ರವನ್ನು ಕಿತ್ತಳೆ ಕೆಂಪು ಮಾಡಿ ಹೊಸ ರೋಗಿಗಳನ್ನು ಗಾಬರಿ ಪಡಿಸುತ್ತದಲ್ಲ, ಅದು. ಕ್ರಿಮಿ ತನ್ನ ಡಿಎನ್‌ಎ ಓದಿ ಆರ್‌ಎನ್‌ಎ ತಯಾರಿಸುವ ಒಂದು ಯಂತ್ರ ಇಟ್ಟುಕೊಂಡಿದೆ. ರಿಫಾಂಪಿಸಿನ್ ಹೋಗಿ ಆ ಯಂತ್ರದ ಒಂದು ಸಂದಿಗೆ ಅಂಟಿ ಕೂರುತ್ತದೆ, ಆರ್‌ಎನ್‌ಎ ಹೊರಗೆ ಬರುವ ದಾರಿ ಕಟ್ಟುತ್ತದೆ. ಆ ಯಂತ್ರದ ಜೀನಿನ ಹೆಸರು ಆರ್‌ಪಿಒಬಿ. ಬಗ್ಗದ ಕ್ರಿಮಿಗಳಲ್ಲಿ ನೂರಕ್ಕೆ 95ರಷ್ಟು ಆ ಜೀನಿನ ಬರೀ 81 ಅಕ್ಷರಗಳ ಒಂದು ತುಂಡಿನಲ್ಲೇ ತಪ್ಪು ಮಾಡಿರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಯಂತ್ರದ ಪ್ರೋಟೀನ್ ಸರಪಳಿಯ 450ನೇ ಜಾಗದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲದ ಬದಲು ಲ್ಯೂಸಿನ್. ಒಂದು ಅಕ್ಷರ ಬದಲಾಗಿದೆ, ಅಷ್ಟೇ. ಸಂದಿಯ ಆಕಾರ ಕೆಡುತ್ತದೆ, ಔಷಧಿ ಕೂರುವುದಿಲ್ಲ, ಯಂತ್ರ ಮಾತ್ರ ಓಡುತ್ತಲೇ ಇರುತ್ತದೆ.

ಐಸೋನಿಯಾಜಿಡ್ ಕತೆ ಇದಕ್ಕಿಂತ ಚೆನ್ನಾಗಿದೆ. ಆ ಮಾತ್ರೆ ನುಂಗಿದಾಗ ಇನ್ನೂ ವಿಷವೇ ಅಲ್ಲ. ಕ್ರಿಮಿಯ ಒಳಗಿರುವ ಕ್ಯಾಟ್‌ಜಿ ಎಂಬ ಕಿಣ್ವವೇ ಅದನ್ನು ಚುರುಕುಗೊಳಿಸಬೇಕು. ಚುರುಕಾದ ಔಷಧಿ ಮೈಕೋಲಿಕ್ ಆಮ್ಲದ ತಯಾರಿಯನ್ನು ನಿಲ್ಲಿಸುತ್ತದೆ, ಗೋಡೆ ಕುಸಿಯುತ್ತದೆ. ಅಂದರೆ ಕ್ರಿಮಿ ತನ್ನ ಸಾವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇದು 1992ರಲ್ಲಿ ಬಯಲಾಯಿತು, ಮಾತ್ರೆ ಬಳಕೆಗೆ ಬಂದು ಸರಿಯಾಗಿ 40 ವರ್ಷದ ಮೇಲೆ. ಹಾಗಾದರೆ ತಪ್ಪಿಸಿಕೊಳ್ಳುವುದು ಹೇಗೆ? ಕ್ಯಾಟ್‌ಜಿಯನ್ನೇ ಬಿಸಾಡಬಹುದು. ಆದರೆ ನಮ್ಮ ರಕ್ಷಕ ಕಣಗಳು ಎರಚುವ ಪೆರಾಕ್ಸೈಡ್‌ನಿಂದ ಕ್ರಿಮಿಯನ್ನು ಕಾಯುವುದೂ ಅದೇ ಕಿಣ್ವ. ಬಿಸಾಡಿದರೆ ಕಷ್ಟ. ಹಾಗಾಗಿ ಹೆಚ್ಚಿನವು 315ನೇ ಜಾಗದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿರುತ್ತವೆ. ಮೈ ಕಾಯುವ ಕೆಲಸ ನಡೆಯುತ್ತದೆ, ಔಷಧಿ ಚುರುಕುಗೊಳಿಸುವ ಕೆಲಸ ನಿಂತುಹೋಗುತ್ತದೆ. ನನಗೆ ಈ ಕ್ರಿಮಿಯ ಮೇಲೆ ಯಾವ ಪ್ರೀತಿಯೂ ಇಲ್ಲ, ಆದರೂ ಇದನ್ನು ಮೊದಲು ಓದಿದ ದಿನ ಅರ್ಧ ಗಂಟೆ ಬೇರೆ ಕೆಲಸ ಮಾಡಲಾಗಲಿಲ್ಲ. 2012ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಡಾಕ್ವಿಲಿನ್ ಎಂಬ ಹೊಸ ಟಿಬಿ ಔಷಧಿಗೂ ಅದು ದಾರಿ ಹುಡುಕಿಕೊಂಡಿದೆ. ಒಳಗೆ ಬಂದ ಔಷಧಿಯನ್ನು ಹೊರಕ್ಕೆ ತಳ್ಳುವ ಪಂಪುಗಳು ಅದರ ಹತ್ತಿರ ಮೊದಲೇ ಇದ್ದವು. ಅವುಗಳಿಗೆ ಲಗಾಮು ಹಾಕುವ ಜೀನು ಕೆಟ್ಟರೆ ಸಾಕು, ಪಂಪುಗಳು ಜೋರಾಗಿ ಓಡುತ್ತವೆ.

ಈಗ ನಮ್ಮ ಜಗಳಕ್ಕೆ ಬರೋಣ.

ಆ ನಿಯಮ ನೆನಪಿದೆಯಲ್ಲ? ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಔಷಧಿ ಸೇರಿಸಬೇಡ. ನಮ್ಮ ದೇಶದಲ್ಲಿ 1997ರಿಂದ ಹೊಸ ರೂಪದ ಟಿಬಿ ಕಾರ್ಯಕ್ರಮ ನಡೆಯಿತು, ಡಾಟ್ಸ್ (ಕಣ್ಣೆದುರೇ ಮಾತ್ರೆ ನುಂಗಿಸುವ ಪದ್ಧತಿ) ಅಂತ ಊರೂರಲ್ಲಿ ಬೋರ್ಡು ಬಿತ್ತು. ಮೊದಲ ಚಿಕಿತ್ಸೆ ಫಲಿಸದೆ ಎರಡನೇ ಸಲ ಬಂದವರಿಗೆ "ಕೆಟಗರಿ 2" ಎಂಬ ಎಂಟು ತಿಂಗಳ ಚಿಕಿತ್ಸೆ. ಅದರಲ್ಲಿ ಏನಿತ್ತು? ಮೊದಲು ಕೊಟ್ಟ ಅದೇ ಔಷಧಿಗಳು, ಜೊತೆಗೆ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಒಂದೇ ಒಂದು ಹೊಸ ಔಷಧಿ! ಕ್ರಿಮಿ ಯಾವುದಕ್ಕೆ ಬಗ್ಗುತ್ತದೆ ಅಂತ ಪರೀಕ್ಷೆ ಮಾಡಿ ನೋಡುವ ವ್ಯವಸ್ಥೆ ಹೆಚ್ಚಿನ ಕಡೆ ಇರಲೇ ಇಲ್ಲ. ಈ ಕೆಟಗರಿ 2 ಚಿಕಿತ್ಸೆಯನ್ನು ಕೈಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2017ರಲ್ಲಿ. ಅದೇ ಕಾರ್ಯಕ್ರಮ ಮಾತ್ರೆಯನ್ನು ವಾರಕ್ಕೆ ಮೂರೇ ದಿನ ಕೊಡುತ್ತಿತ್ತು. ದಿನಾ ಕೊಡುವ ಪದ್ಧತಿ ದೇಶಕ್ಕೆಲ್ಲ ಬಂದದ್ದೂ 2017ರಲ್ಲೇ. ನಿಮ್ಮ ಆಟೋ ಹುಡುಗ ಮೂರು ದಿನ ಮಾತ್ರೆ ತಪ್ಪಿಸಿದರೆ ಬೇಜವಾಬ್ದಾರಿ. ಸರ್ಕಾರ ಕಾಗದದ ಮೇಲೆ ಬರೆದು ನಾಲ್ಕು ದಿನ ತಪ್ಪಿಸಿದರೆ ನೀತಿ.

ಖಾಸಗಿಯವರದ್ದು ಇನ್ನೊಂದು ಕತೆ. 1991ರಲ್ಲಿ ಮುಂಬೈನ ಧಾರಾವಿಯಲ್ಲಿ ನೂರು ಖಾಸಗಿ ಡಾಕ್ಟರುಗಳನ್ನು ಟಿಬಿಗೆ ಏನು ಬರೆಯುತ್ತೀರಿ ಅಂತ ಕೇಳಿದ ಒಂದು ಅಧ್ಯಯನ ಬಂತು. 80 ಬಗೆಯ ಚೀಟಿಗಳು ಸಿಕ್ಕವು. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಅಲ್ಲೇ ಮತ್ತೆ 106 ಮಂದಿಯನ್ನು ಕೇಳಿದರೆ ಸರಿಯಾಗಿ ಬರೆದವರು 6 ಮಂದಿ. ಅದನ್ನು ಕೇಳಿಸಿದವರು ಝರೀರ್ ಉದ್ವಾಡಿಯಾ, ಮುಂಬೈನ ಎದೆರೋಗ ತಜ್ಞರು. ತಪ್ಪು ಚೀಟಿ ಹಿಡಿದು ಮನೆಗೆ ಹೋದ ರೋಗಿ ಅದನ್ನು ನಿಷ್ಠೆಯಿಂದ ನುಂಗಿದಷ್ಟೂ ಬಗ್ಗದ ಕ್ರಿಮಿಗೆ ಅನುಕೂಲ. ಇಂಥವರಿಗೆ ದಂಡ ಹಾಕಿ ಅಂತ ನೀವು ಬರೆಯಲಿಲ್ಲ.

ಇನ್ನೊಂದು ಮಾತು. ಬಗ್ಗದ ಕ್ರಿಮಿ ಒಬ್ಬರಲ್ಲಿ ಹುಟ್ಟಿದ ಮೇಲೆ ಕೆಮ್ಮಿನ ಜೊತೆ ಇನ್ನೊಬ್ಬರಿಗೆ ದಾಟುತ್ತದೆ. ಅವರಿಗೆ ಬರುವುದು ಮೊದಲ ದಿನದಿಂದಲೇ ಬಗ್ಗದ ಟಿಬಿ. ದಕ್ಷಿಣ ಆಫ್ರಿಕಾದ ತುಗೆಲಾ ಫೆರಿ ಎಂಬ ಹಳ್ಳಿ ಊರಿನ ಆಸ್ಪತ್ರೆಯಲ್ಲಿ ಅತಿ ಪ್ರತಿರೋಧದ ಟಿಬಿಯವರು 53 ಮಂದಿ ಸಿಕ್ಕಿದ್ದರು, 2006ರ ವರದಿ ಅದು. 52 ಮಂದಿ ತೀರಿಹೋದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದಕ್ಕೆ ಮುಂಚೆ ಒಂದೂ ಟಿಬಿ ಮಾತ್ರೆ ನುಂಗಿದವರೇ ಅಲ್ಲ. ನಮ್ಮಲ್ಲೂ 2014ರಿಂದ 2016ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹಿಂದೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 11.62 ಮಂದಿಗೆ ಎಂಡಿಆರ್ ಇತ್ತು, ಅಂದರೆ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡೂ ನಾಟದ ಟಿಬಿ. ಹೊಸಬರಲ್ಲಿ 2.84. ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ವರ್ಷಕ್ಕೆ ಲಕ್ಷಗಟ್ಟಲೆ ಹೊಸ ರೋಗಿಗಳು ಬರುವ ದೇಶ ಇದು. ಈ ಹೊಸಬರು ಯಾವ ಮಾತ್ರೆ ಬಿಟ್ಟಿದ್ದರು?

ನಮ್ಮ ಪತ್ರಿಕೆ ಮೊದಲು ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಹೀಗೇ ಆಯಿತು. ಐದು ತಿಂಗಳಾದರೂ ಕಫದಲ್ಲಿ ಕ್ರಿಮಿ ಹೋಗಲಿಲ್ಲ. ಪ್ರತಿ ಸಲವೂ ಆಸ್ಪತ್ರೆಯಲ್ಲಿ ಒಂದೇ ಪ್ರಶ್ನೆ, "ಸರಿಯಾಗಿ ತಗೊಂಡ್ಯೇನಮ್ಮ?" ಆಕೆ ಖಾಲಿಯಾದ ಪ್ರತಿಯೊಂದು ಮಾತ್ರೆ ಹಾಳೆಯನ್ನೂ ರಬ್ಬರ್ ಬ್ಯಾಂಡ್ ಹಾಕಿ ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ತಾರೀಕು. ಡಬ್ಬಿಯನ್ನೇ ಒಯ್ದು ಮೇಜಿನ ಮೇಲೆ ಸುರಿದಳಂತೆ. ಕಡೆಗೆ ಕಫವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ಆಗಿನ್ನೂ ಅಲ್ಲಿ ಬೆಳೆಸಿ ನೋಡುವುದೇ ದಾರಿ. ನಾನೇ ಆ ಲ್ಯಾಬಿಗೆ ಹೋಗಿ ನೋಡಿದ್ದೇನೆ. ಮೊಟ್ಟೆ ಸೇರಿಸಿ ಮಾಡಿದ ಹಸಿರು ಬಣ್ಣದ ಆಹಾರವನ್ನು ಪುಟ್ಟ ಬಾಟಲಿಯಲ್ಲಿ ಓರೆಯಾಗಿ ಹೆಪ್ಪುಗಟ್ಟಿಸಿರುತ್ತಾರೆ. ಒಂದರಲ್ಲಿ ಬರೀ ಆಹಾರ, ಪಕ್ಕದ್ದರಲ್ಲಿ ಔಷಧಿ ಬೆರೆಸಿದ ಆಹಾರ. ವಾರಗಟ್ಟಲೆ ಕಾಯಬೇಕು. ಎರಡರಲ್ಲೂ ಒಣ, ಮಾಸಲು ಗಂಟುಗಳು ಒಂದೇ ಥರ ಬೆಳೆದಿದ್ದರೆ ಔಷಧಿ ನಾಟುತ್ತಿಲ್ಲ ಅಂತ ಅರ್ಥ. ಆಕೆಯದ್ದು ಹಾಗೇ ಬೆಳೆದಿತ್ತು. ಐದು ತಿಂಗಳು ಆಕೆ ಉಪಯೋಗಕ್ಕೆ ಬಾರದ ಮಾತ್ರೆಯನ್ನು ತಾರೀಕು ಬರೆದಿಟ್ಟು ನುಂಗಿದ್ದಳು.

ಈಗ ಜೀನ್‌ಎಕ್ಸ್‌ಪರ್ಟ್ ಯಂತ್ರ ಇದೆ, ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಇದೆ. ಆಗ ಹೇಳಿದೆನಲ್ಲ 81 ಅಕ್ಷರ, ಇವು ಹುಡುಕುವುದು ಆ ತುಂಡಿನ ತಪ್ಪುಗಳನ್ನೇ. ಜೀನ್‌ಎಕ್ಸ್‌ಪರ್ಟ್ ಎರಡು ಗಂಟೆಯಲ್ಲಿ ಹೇಳಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಗ್ಗುವ ಕ್ರಿಮಿಯೂ ಬಗ್ಗದ್ದೂ ಒಂದೇ ಥರದ ಕೆಂಪು ಕಡ್ಡಿ.

ಮೆಡಿಕಲ್ ಶಾಪಿನ ಸುದ್ದಿ ಎತ್ತದಿದ್ದರೆ ನನಗೆ ಸಮಾಧಾನ ಇಲ್ಲ. ಕೆಮ್ಮು ಅಂತ ಹೋದರೆ ಚೀಟಿ ಕೇಳದೆ ಲಿವೋಫ್ಲಾಕ್ಸಸಿನ್ ಕೊಡುತ್ತಾರೆ, ಹೊಟ್ಟೆ ಕೆಟ್ಟರೆ ಓಫ್ಲಾಕ್ಸಸಿನ್. ಎರಡೂ ಟಿಬಿ ಕ್ರಿಮಿಯನ್ನು ಹೊಡೆಯಬಲ್ಲ ಔಷಧಿಗಳು. ಎದೆಯಲ್ಲಿ ಟಿಬಿ ಇದ್ದವನು ಐದು ದಿನ ಅದೊಂದನ್ನೇ ನುಂಗಿದರೆ ಬ್ರಿಟನ್ನಿನ ಆ ಒಂದೇ ಔಷಧಿಯ ಪ್ರಯೋಗವನ್ನೇ ಅವನ ಮೇಲೆ ಮತ್ತೆ ಮಾಡಿದ ಹಾಗಾಯಿತು. ಸಮೀಕ್ಷೆಯಲ್ಲಿ ಸಿಕ್ಕ ಎಂಡಿಆರ್ ರೋಗಿಗಳಲ್ಲಿ ಐವರಲ್ಲೊಬ್ಬರಿಗೆ ಈ ಜಾತಿಯ ಔಷಧಿಯೂ ನಾಟುತ್ತಿರಲಿಲ್ಲ. ಇನ್ನು ಬಿಟ್ಟಿ ಮಾತ್ರೆ ಅಂದಿರಿ. 2024ರ ಮಾರ್ಚ್‌ನಲ್ಲಿ ಆ ಬಿಟ್ಟಿ ಮಾತ್ರೆಯೇ ಸಿಗದೆ, ನೀವೇ ಕೊಂಡುಕೊಳ್ಳಿ ಅಂತ ಕೇಂದ್ರ ರಾಜ್ಯಗಳಿಗೆ ಪತ್ರ ಬರೆಯಿತು. ಬೆಡಾಕ್ವಿಲಿನ್ ಮೇಲೆ ಕಂಪನಿ ಇನ್ನಷ್ಟು ವರ್ಷ ಪೇಟೆಂಟ್ ಕೇಳಿದಾಗ ಅಡ್ಡ ನಿಂತವರು ಟಿಬಿಯಿಂದ ಬದುಕಿ ಬಂದ ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಮುಂಬೈಯವರು, ಒಬ್ಬರು ದಕ್ಷಿಣ ಆಫ್ರಿಕಾದವರು. ಹಳೇ ಇಂಜೆಕ್ಷನ್‌ಗಳಿಂದ ಇಬ್ಬರಿಗೂ ಕಿವಿ ಹೋಗಿತ್ತು. 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿ ತಳ್ಳಿಹಾಕಿತು. ರೋಗಿಗಳು ಸೋಮಾರಿಗಳು ಅನ್ನುವವರಿಗೆ ನಾನು ಈ ಇಬ್ಬರ ಕತೆ ಹೇಳುತ್ತಿರುತ್ತೇನೆ.

ಬಡವನನ್ನು ಬೈಯುವುದು ನಮಗೆ ಹಳೇ ಅಭ್ಯಾಸ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1960ರಲ್ಲಿ ನೆಹರೂ ಉದ್ಘಾಟಿಸಿದ್ದು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ವಿಚಾರಿಸಿ 1963ರಲ್ಲಿ ಬರೆದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಅಂತ ಆಗೆಲ್ಲ ನಂಬಿಕೆ. ಈ ಇಬ್ಬರೂ ಕಂಡದ್ದೇ ಬೇರೆ. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು. ಹೆಚ್ಚಿನವರನ್ನು ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ಸಾಗಹಾಕಲಾಗಿತ್ತು. ಮೊನ್ನೆ ಮೊನ್ನೆ, 2023ರಲ್ಲಿ, ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಭಾರ್ಗವ ದಂಪತಿ ಜಾರ್ಖಂಡಿನಲ್ಲಿ ಮಾಡಿದ ಕೆಲಸ ಪ್ರಕಟವಾಯಿತು. ರೋಗಿಯ ಮನೆಯವರಿಗೆ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು. ಮನೆಯವರಿಗೆ ಟಿಬಿ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಹಸಿದ ಹೊಟ್ಟೆಗೆ ನಾಲ್ಕು ಔಷಧಿ ಬಿದ್ದರೆ ಏನಾಗುತ್ತದೆ ಅಂತ ನಿಮ್ಮ ಹುಡುಗನನ್ನು ಕೇಳಿ ನೋಡಿ. ವಾಕರಿಕೆ, ತಲೆಸುತ್ತು. ಬೆಳಿಗ್ಗೆ ಆಟೋ ಸ್ಟ್ಯಾಂಡಿನಲ್ಲಿ ಸರದಿ ತಪ್ಪಿದರೆ ಆ ದಿನದ ಗಳಿಕೆ ಹೋಯಿತು. ಎರಡು ತಿಂಗಳಿಗೆ ಕೆಮ್ಮು ನಿಂತವನು ಮಾತ್ರೆ ಬಿಟ್ಟದ್ದು ತಪ್ಪು, ಆಗಲಿ. ಸೋಮಾರಿತನ ಅಂತ ಹೇಗೆ ಗೊತ್ತಾಯಿತು ನಿಮಗೆ?

ದಂಡದ ಬದಲು ಇಷ್ಟು ಮಾಡಿ. ನೀವು ಹೇಳಿದರೆ ಅವನು ಕೇಳುತ್ತಾನೆ. ಅವನ ರಿಪೋರ್ಟ್ ತರಿಸಿ, ರಿಫಾಂಪಿಸಿನ್ ಎಂಬ ಸಾಲಿನ ಮುಂದೆ ಏನಿದೆ ನೋಡಿ. ಪರೀಕ್ಷೆಯೇ ಆಗಿಲ್ಲದಿದ್ದರೆ ಮಾಡಿಸಲು ಹೇಳಿ. ಅದರ ಜೊತೆಗೆ ಐಸೋನಿಯಾಜಿಡ್, ಲಿವೋಫ್ಲಾಕ್ಸಸಿನ್ ಪರೀಕ್ಷೆಯನ್ನೂ ಕೇಳಿ. ಎಂಡಿಆರ್ ಅಂತಲೇ ಬಂದರೂ ಗಾಬರಿ ಬೇಡ. ಬೆಡಾಕ್ವಿಲಿನ್ ಸೇರಿದ ನಾಲ್ಕು ಔಷಧಿಗಳ ಆರು ತಿಂಗಳ ಚಿಕಿತ್ಸೆಗೆ 2024ರಲ್ಲಿ ನಮ್ಮಲ್ಲೂ ಒಪ್ಪಿಗೆ ಸಿಕ್ಕಿದೆ, ಇಂಜೆಕ್ಷನ್ ಇಲ್ಲ. ಅವನಿಗೆ ಸರಿಹೊಂದುತ್ತದೋ ಇಲ್ಲವೋ ಡಾಕ್ಟರು ನೋಡಿ ಹೇಳುತ್ತಾರೆ. ಮನೆಯವರಿಗೆಲ್ಲ ಪರೀಕ್ಷೆ ಆಗಬೇಕು, ಮಕ್ಕಳಿದ್ದರೆ ಮೊದಲು ಅವರಿಗೆ. ತಿಂಗಳಿಗೆ ಸಾವಿರ ರೂಪಾಯಿ ಪೌಷ್ಟಿಕ ಆಹಾರದ ಹಣ ಅವನ ಖಾತೆಗೆ ಬರಬೇಕು. ಬರುತ್ತಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಆಡುಸೋಗೆ ಕಷಾಯ ಕೇಳಿದ್ದಿರಿ. ಗಿಡ ಒಳ್ಳೆಯದೇ, ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ಹೊಳೆದದ್ದೇ ಅದರೊಳಗಿನ ಒಂದು ಅಂಶದಿಂದ. ಡಾಕ್ಟರಿಗೆ ಒಂದು ಮಾತು ಹೇಳಿ ಕೆಮ್ಮಿಗೆ ಕುಡಿಯಲಿ. ಮಾತ್ರೆಯ ಬದಲಿಗೆ ಬೇಡ.

- ಸಂ.